ಡನ್ ಅಂತ ಬಂತು, ಕಳಸಕ್ಕೆ ಏನೂ ಹೋಗಿರಲಿಲ್ಲ

ಈ ಸಲ ನಮ್ಮ ಸಂಘದ ಒಂದು ತಪ್ಪಿನ ಬಗ್ಗೆ ಬರೀತಿದ್ದೇವೆ. ರಾಜ್ಯೋತ್ಸವದ ವರದಿ, ಕವಿಗೋಷ್ಠಿಯ ಫೋಟೋ ಹಾಕೋ ಜಾಗದಲ್ಲಿ ಇದೆಂಥ ಸ್ಕ್ರಿಪ್ಟ್ ಪುರಾಣ ಅಂತ ಕೆಲವರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಆರು ವಾರ ನಾವು ದಿನಾ ಬೆಳಗ್ಗೆ ಒಂದು ಸುಳ್ಳನ್ನು ಓದಿ, ನಂಬಿ, ಕ್ಲಾಸಿಗೆ ಹೋಗಿದ್ದೇವೆ. ಆ ಸುಳ್ಳು ಹೇಳಿದ್ದು ನಾವೇ ಬರೆದ ಮೂವತ್ತು ಸಾಲಿನ ಸ್ಕ್ರಿಪ್ಟು.

ಹಳಬರಿಗೆ ಗೊತ್ತಿರೋ ವಿಷಯ, ಹೊಸಬರಿಗಾಗಿ ಇನ್ನೊಮ್ಮೆ. ಲ್ಯಾಬಿನಿಂದ ಹೊರಬಿದ್ದ ಹಳೇ ಕಂಪ್ಯೂಟರ್‌ಗಳನ್ನ ರಿಪೇರಿ ಮಾಡಿ, ಲಿನಕ್ಸ್ ಹಾಕಿ, ನಾಲ್ಕು ಕನ್ನಡ ಶಾಲೆಗಳಿಗೆ ಕೊಟ್ಟಿದ್ದೇವೆ. ಆಲ್ದೂರು ಕಡೆ ಒಂದು, ಮೂಡಿಗೆರೆ ಹತ್ತಿರ ಒಂದು, ಕೊಟ್ಟಿಗೆಹಾರದ ಆಚೆ ಒಂದು, ಕಳಸದ ಕಡೆ ಒಂದು. ಅವುಗಳಲ್ಲಿ ಇಂಟರ್ನೆಟ್ ಇಲ್ಲದೆಯೂ ಓದೋಕಾಗೋ ಹಾಗೆ ಕಿವಿಕ್ಸ್‌ನ ಕನ್ನಡ ವಿಕಿಪೀಡಿಯ, ಪಠ್ಯಪುಸ್ತಕಗಳ ಪಿಡಿಎಫ್, ನಮ್ಮ ಸೀನಿಯರ್‌ಗಳು ಕನ್ನಡದಲ್ಲಿ ಬರೆದ ಗಣಿತ, ವಿಜ್ಞಾನದ ನೋಟ್ಸ್ ಇವೆ. ಜನವರಿಯಿಂದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಾರಕ್ಕೊಂದು ಪ್ರಶ್ನೆಪತ್ರಿಕೆ, ಅದಕ್ಕೆ ಬಿಡಿಸಿದ ಉತ್ತರ ಕಳಿಸ್ತೇವೆ ಅಂತ ಮಾತು ಕೊಟ್ಟಿದ್ದೆವು. ಆ ಶಾಲೆಗಳ ಕಂಪ್ಯೂಟರ್‌ಗೆ ಹೊರಗಿನಿಂದ ನೇರವಾಗಿ ಹೋಗೋ ವಿಳಾಸ ಇರಲ್ಲ. ಹಾಗಾಗಿ ಅವೇ ನಮ್ಮ ಸರ್ವರ್‌ಗೆ ಎಸ್‌ಎಸ್‌ಎಚ್ ಟನೆಲ್ ಹಾಕಿಕೊಂಡು ಕಾಯುತ್ತವೆ, ಇಲ್ಲಿಂದ ಸ್ಕ್ರಿಪ್ಟ್ ಆ ದಾರಿಯಲ್ಲಿ ಹೋಗಿ ಫೈಲ್‌ಗಳನ್ನ ಇಟ್ಟು ಬರುತ್ತೆ. ಅಥವಾ ಬರಬೇಕಿತ್ತು.

ಫೆಬ್ರವರಿ ಕೊನೆಯಲ್ಲಿ ಈ ಪತ್ರಿಕೆಗೆ ನಾಲ್ಕು ಸಾಲು ಅಭಿಪ್ರಾಯ ಕೇಳೋಣ ಅಂತ ಕಳಸದ ಕಡೆಯ ಮೇಷ್ಟ್ರಿಗೆ ಫೋನ್ ಮಾಡಿದೆವು. "ಆರನೇ ವಾರದ ಪೇಪರ್ ಮಕ್ಕಳಿಗೆ ಹೇಗನ್ನಿಸ್ತು ಸಾರ್?" ಅಂದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಯಾವ ಪೇಪರ್ ಮಾರಾಯ? ಸಂಕ್ರಾಂತಿ ಆದ್ಮೇಲೆ ಹೊಸದು ಎಂತದೂ ಬಂದಿಲ್ಲ. ನಿಮಗೂ ಪರೀಕ್ಷೆ ಗಿರೀಕ್ಷೆ ಇರತ್ತೆ ಅಂತ ನಾವು ಸುಮ್ನಾದ್ವಿ" ಅಂದ್ರು. ಬೈದಿದ್ರೆ ಒಳ್ಳೇದಿತ್ತು. ಅವರು ನಮಗೇ ಸಮಾಧಾನ ಹೇಳಿ ಫೋನ್ ಇಟ್ಟರು.

ನಮ್ಮ ಕಡೆ ನೋಡಿದರೆ ಲಾಗ್ ಫೈಲ್ ತುಂಬ ಡನ್, ಡನ್, ಡನ್. ಒಂದು ದಿನವೂ ತಪ್ಪಿಲ್ಲ.

ಮಲೆನಾಡಲ್ಲಿ ಇದ್ದವರು ಇಂಥ ಹೊತ್ತಲ್ಲಿ ಮೊದಲು ಬೈಯೋದು ನೆಟ್‌ವರ್ಕನ್ನ. ನಾವೂ ಅದನ್ನೇ ಮಾಡಿದ್ವಿ. ಮಳೆಗಾಲ ಆಗಿದ್ರೆ ಅದರಲ್ಲಿ ಅರ್ಥ ಇತ್ತು, ಮರ ಬಿದ್ದು ಲೈನ್ ಹೋಗುತ್ತೆ, ಭದ್ರೆ ಏರಿದರೆ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿದು ಹೊರನಾಡಿನ ದಾರಿಯೇ ಕಟ್ ಆಗುತ್ತೆ. ಆದರೆ ಇದು ಫೆಬ್ರವರಿ, ಕಾಫಿ ಕುಯ್ಲು ಮುಗಿದು ಕಣದಲ್ಲಿ ಒಣಗ್ತಿರೋ ಕಾಲ. ಆದರೂ ಎರಡು ಸಂಜೆ ನೆಟ್‌ವರ್ಕಿನ ಹಿಂದೆಯೇ ಬಿದ್ದೆವು. ಒಬ್ಬರು ಕೀ ಹೊಸದಾಗಿ ಮಾಡಿದ್ರು. ಇನ್ನೊಬ್ಬರು ಟೈಮ್‌ಔಟ್ ಜಾಸ್ತಿ ಮಾಡಿದ್ರು. ಮತ್ತೊಬ್ಬರು ಸರ್ವರ್ ರೀಸ್ಟಾರ್ಟ್ ಮಾಡಿ "ಈಗ ಸರಿ ಹೋಗಿರತ್ತೆ" ಅಂದ್ರು. ಇದಕ್ಕೆ ದೋಷ ಹುಡುಕೋದು ಅಂತ ಹೆಸರಿಡಕ್ಕೆ ಆಗಲ್ಲ, ಹರಕೆ ಹೊರೋದು ಅನ್ನಬಹುದು.

ಮೂರನೇ ಸಂಜೆ ಎರಡನೇ ಸೆಮಿಸ್ಟರ್‌ನ ಹುಡುಗಿಯೊಬ್ಬಳು ಹಿಂದೆ ಕೂತು ಎಲ್ಲ ನೋಡ್ತಿದ್ದವಳು, "ಅಣ್ಣಾ, ಈ ಲೂಪ್ ಎಷ್ಟು ಸಲ ಸುತ್ತುತ್ತೆ ಅಂತ ಎಣಿಸಿದೀರಾ?" ಅಂದಳು. ಎಣಿಸಿರಲಿಲ್ಲ. ಲೂಪಿನ ಒಳಗೆ ಮೊದಲ ಸಾಲಿಗೆ ಕಂಪ್ಯೂಟರ್‌ನ ಹೆಸರು ಪ್ರಿಂಟ್ ಮಾಡೋ ಒಂದು ಎಕೋ ಹಾಕಿದೆವು. ಐದು ಹೆಸರು ಬರಬೇಕು, ನಾಲ್ಕು ಶಾಲೆ ಮತ್ತು ಪರೀಕ್ಷೆಗೆ ಅಂತ ನಮ್ಮ ಲ್ಯಾಬಿನದ್ದೇ ಒಂದು. ಬಂದಿದ್ದು ಒಂದೇ ಹೆಸರು, ಲ್ಯಾಬಿನದ್ದು. ಆಮೇಲೆ ಡನ್.

ಕಾರಣ ಇಲ್ಲಿದೆ, ಬ್ಯಾಷ್ ಬರೆಯೋರೆಲ್ಲ ಒಂದು ಸಲವಾದ್ರೂ ಬೀಳೋ ಗುಂಡಿ. ಕಂಪ್ಯೂಟರ್‌ಗಳ ಹೆಸರನ್ನ ಒಂದು ಫೈಲಿನಲ್ಲಿ ಸಾಲಿಗೊಂದರಂತೆ ಬರೆದು, ವೈಲ್ ರೀಡ್ ಲೂಪಿನಿಂದ ಒಂದೊಂದೇ ಓದ್ತಿದ್ವಿ. ಅಂದರೆ ಲೂಪಿನ ಸ್ಟ್ಯಾಂಡರ್ಡ್ ಇನ್‌ಪುಟ್ ಅಂದ್ರೆ ಆ ಪಟ್ಟಿಯೇ. ಒಳಗೆ ಮೊದಲ ಕೆಲಸ ಎಸ್‌ಎಸ್‌ಎಚ್‌ನಿಂದ ಆ ಕಡೆ ಒಂದು ಫೋಲ್ಡರ್ ಮಾಡೋದು, ಎರಡನೇ ಕೆಲಸ ಆರ್‌ಸಿಂಕ್‌ನಿಂದ ಕಾಪಿ. ಎಸ್‌ಎಸ್‌ಎಚ್‌ಗೆ ಒಂದು ಅಭ್ಯಾಸ ಇದೆ, ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಏನಿದ್ದರೂ ಎಳಕೊಂಡು ಆ ಕಡೆಯ ಕಮಾಂಡಿಗೆ ಕಳಿಸುತ್ತೆ. ಉಳಿದ ನಾಲ್ಕು ಹೆಸರನ್ನೂ ಅದು ಹಾಗೇ ನುಂಗಿ ಲ್ಯಾಬಿನ ಕಂಪ್ಯೂಟರ್‌ಗೆ ಕಳಿಸ್ತು, ಅಲ್ಲಿ ಫೋಲ್ಡರ್ ಮಾಡೋ ಕಮಾಂಡ್ ಅದನ್ನ ಓದಲೂ ಇಲ್ಲ, ಬಿಸಾಡ್ತು. ವಾಪಸ್ ಬಂದು ರೀಡ್ ನೋಡಿದರೆ ಪಟ್ಟಿ ಖಾಲಿ. ಖಾಲಿ ಅಂದ್ರೆ ಕೆಲಸ ಮುಗೀತು. ಎಕ್ಸಿಟ್ ಕೋಡ್ ಸೊನ್ನೆ. ಎಲ್ಲೂ ಎರರ್ ಇಲ್ಲ, ಯಾಕಂದ್ರೆ ಯಂತ್ರದ ಲೆಕ್ಕದಲ್ಲಿ ಯಾವ ತಪ್ಪೂ ನಡೆದಿಲ್ಲ. ಎಸ್‌ಎಸ್‌ಎಚ್‌ಗೆ ಮೈನಸ್ ಎನ್ ಅಂತ ಒಂದು ಆಪ್ಷನ್ ಕೊಟ್ಟರೆ ಅದು ಇನ್‌ಪುಟ್‌ಗೆ ಬಾಯಿ ಹಾಕಲ್ಲ. ಎರಡು ಅಕ್ಷರದ ಮದ್ದು.

ಕುಣಿದಾಡಿಬಿಟ್ಟೆವು. ಮತ್ತೆ ಓಡಿಸಿದ್ರೆ ಲ್ಯಾಬ್, ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ. ಡನ್. ಕಳಸ ಇಲ್ಲ.

ಪಟ್ಟಿಯಲ್ಲಿ ಕಳಸ ಕೊನೆಯ ಸಾಲು. ವಿಎಸ್ ಕೋಡ್‌ನಲ್ಲಿ ಟೈಪ್ ಮಾಡಿದವರು ಕೊನೆಯ ಹೆಸರಾದ ಮೇಲೆ ಎಂಟರ್ ಒತ್ತದೆ ಸೇವ್ ಮಾಡಿದ್ರು. ಸಾಲಿನ ಕೊನೆಗೆ ನ್ಯೂಲೈನ್ ಇಲ್ಲದಿದ್ರೆ ರೀಡ್ ಕಮಾಂಡ್ ಆ ಪದವನ್ನ ಓದೇನೋ ಓದುತ್ತೆ, ಆದರೆ ಫೈಲ್ ಮುಗೀತು ಅಂತ ಫೇಲ್ ಹೇಳುತ್ತೆ. ಫೇಲ್ ಅಂದ ಕೂಡಲೇ ಲೂಪ್ ನಿಲ್ಲುತ್ತೆ. ಬಸ್ಸಿನ ರೂಟಿನಲ್ಲೂ ಕೊನೇ ಊರು, ಫೈಲಿನಲ್ಲೂ ಕೊನೇ ಸಾಲು, ಒಂದು ಎಂಟರ್ ಕೀ ಇಲ್ಲದ್ದಕ್ಕೆ ಅಲ್ಲಿನ ಮಕ್ಕಳಿಗೆ ಪೇಪರ್ ಇಲ್ಲ. ಮೊದಲ ದೋಷ ಸಿಕ್ಕಿದ ಖುಷಿಯಲ್ಲಿ ಆವತ್ತೇ ಎದ್ದು ಹೋಗಿದ್ರೆ ಇದು ಇನ್ನೂ ಎಷ್ಟು ವಾರ ಹಾಗೇ ಇರ್ತಿತ್ತೋ.

ಇನ್ನು ಮೂರನೆಯದು. ಮಧ್ಯಾಹ್ನ ಕೈಯಿಂದ ಓಡಿಸಿದ್ರೆ ಐದಕ್ಕೆ ಐದೂ ಸರಿ. ರಾತ್ರಿ ಕ್ರಾನ್‌ನಿಂದ ಓಡಿದ್ರೆ ನಾಲ್ಕೂ ಶಾಲೆಗೆ ಕನೆಕ್ಷನ್ ರಿಫ್ಯೂಸ್ಡ್. ಮೇಷ್ಟ್ರನ್ನ ಕೇಳಿದೆವು. "ಸಂಜೆ ನಾಲ್ಕೂವರೆಗೆ ಮೇನ್ ಸ್ವಿಚ್ ತೆಗೆದೇ ನಾವು ಬೀಗ ಹಾಕೋದು. ಗುಡುಗು ಬಂದ್ರೆ ಮೋಡೆಮ್ಮಿನ ವೈರೂ ಕಿತ್ತಿಡ್ತೀವಿ. ರಾತ್ರಿ ಎರಡು ಗಂಟೆಗೆ ಯಾರಿಗೆ ಕಳಿಸ್ತೀರಿ, ದೆವ್ವಕ್ಕಾ?" ಅಂದ್ರು. ನಗು ಬಂತು, ಆದರೆ ಮಾತು ನೆಟ್ಟಗೆ ನಾಟಿತು. ರಾತ್ರಿ ಎರಡು ಗಂಟೆ ಅನ್ನೋದು ನಾವು ಯಾವುದೋ ಪುಸ್ತಕದಿಂದ ತಂದ ಸಮಯ, ಸರ್ವರ್‌ಗಳು ಖಾಲಿ ಇರೋ ಹೊತ್ತು. ಮಲೆನಾಡಿನ ಶಾಲೆ ಹೇಗೆ ಬಾಗಿಲು ಹಾಕುತ್ತೆ ಅನ್ನೋದು ಆ ಪುಸ್ತಕದಲ್ಲಿ ಇರಲಿಲ್ಲ. ನಮ್ಮಲ್ಲಿ ಅರ್ಧ ಜನ ಇದೇ ಕಡೆಯ ಊರುಗಳವರು, ಮನೆಯಲ್ಲೂ ಗುಡುಗಿಗೆ ವೈರ್ ಕಿತ್ತಿಡೋರು. ಆದರೂ ಹೊಳೀಲಿಲ್ಲ.

ಈಗ ನಮ್ಮ ಅಭಿಪ್ರಾಯಕ್ಕೆ ಬರ್ತೇವೆ. ಮೂರು ದೋಷ ಸೇರಿ ಆರು ವಾರ ಅಡಗಿ ಕೂತಿದ್ದು ಹೇಗೆ? ದೋಷ ಇರೋದು ಸಹಜ. ಅಡಗಿಸಿದ್ದು ನಾವು.

ಕ್ರಾನ್‌ಗೆ ಹಾಕಿದ ಮೊದಲ ದಿನ ಆರ್‌ಸಿಂಕ್ ಲಾಗಿನಲ್ಲಿ ಫೈಲ್‌ಗಳ ಹೆಸರು ಬರ್ತಿತ್ತು. ಆದರೆ ನಮ್ಮ ಫೈಲ್‌ಗಳ ಹೆಸರು ಕನ್ನಡದಲ್ಲಿವೆ, ಅದು ನಮ್ಮ ಹಟ. ಕೈಯಿಂದ ಓಡಿಸಿದಾಗ "ಕಲನ" ಅಂತ ಚೆನ್ನಾಗಿ ಕಾಣೋದು ಕ್ರಾನ್‌ನಲ್ಲಿ \#340\#262\#225 ಅಂತ ಶುರುವಾಗಿ ಉದ್ದಕ್ಕೆ ಹರಿದಿತ್ತು. ಇದು ಕೆಟ್ಟಿದ್ದಲ್ಲ. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಕ ಅಂದರೆ ಆ ಮೂರು ಸಂಖ್ಯೆ. ಕ್ರಾನ್‌ಗೆ ನಮ್ಮ ಲೊಕೇಲ್ ಗೊತ್ತಿರಲ್ಲ, ಹಾಗಾಗಿ ಆರ್‌ಸಿಂಕ್ ಅದನ್ನ ಆಕ್ಟಲ್‌ನಲ್ಲಿ ಬರೆಯುತ್ತೆ. ಮೈನಸ್ ಎಂಟು ಅಂತ ಒಂದು ಆಪ್ಷನ್ ಹಾಕಿದ್ರೆ ಕನ್ನಡ ಕನ್ನಡವಾಗೇ ಬರುತ್ತೆ. ನಾವು ಮ್ಯಾನುಯಲ್ ನೋಡೋ ಬದಲು "ಥೂ, ಗಲೀಜು" ಅಂತ ಇಡೀ ಔಟ್‌ಪುಟ್ಟನ್ನೇ ಡೆವ್ ನಲ್‌ಗೆ ತಿರುಗಿಸಿ, ಕೊನೆಗೆ ಡನ್ ಅನ್ನೋ ಒಂದು ಸಾಲು ಬರೆಸಿದೆವು. ಹೆಸರುಗಳು ಹೋದವು, ಜೊತೆಗೆ ಎರರ್‌ಗಳೂ ಹೋದವು. ಆರ್‌ಸಿಂಕ್ ಪಾಪ ಕರಾರುವಾಕ್ಕಾಗಿ ಹೇಳುತ್ತೆ: ಕೆಲವೇ ಫೈಲ್ ಹೋಗಿದ್ರೆ 23, ಟೈಮ್‌ಔಟ್ ಆದರೆ 30, ಎಸ್‌ಎಸ್‌ಎಚ್ ದಾರಿಯೇ ಸಿಗದಿದ್ರೆ 255. ಆ ನಂಬರ್ ನೋಡದೆ ಮುಂದಿನ ಸಾಲಿಗೆ ಡನ್ ಬರೆಸೋದು ಅಂದ್ರೆ ಪೇಪರ್ ನೋಡದೆ ಪಾಸ್ ಹಾಕಿದ ಹಾಗೆ.

ಈ ವಿಷಯದಲ್ಲಿ ನಮ್ಮ ಕಾಫಿ ತೋಟಗಳ ರೈಟರುಗಳು ನಮಗಿಂತ ಮುಂದಿದ್ದಾರೆ. ತೋಟದಿಂದ ಕ್ಯೂರಿಂಗ್ ವರ್ಕ್ಸ್‌ಗೆ ಲೋಡ್ ಹೋಗುವಾಗ ಚೀಲ ಎಣಿಸಿ, ತೂಗಿ ಚೀಟಿ ಬರೀತಾರೆ. ಅಲ್ಲಿ ಇಳಿಸಿಕೊಳ್ಳುವವರು ಮತ್ತೆ ಎಣಿಸಿ, ಮತ್ತೆ ತೂಗಿ ಅವರ ಚೀಟಿ ಕೊಡ್ತಾರೆ. ಲಾರಿ ಗೇಟು ದಾಟಿತು ಅಂತ ಲೆಕ್ಕ ಮುಗಿಸೋ ರೈಟರನ್ನ ಯಾವ ತೋಟದವರೂ ಇಟ್ಕೊಳ್ಳಲ್ಲ. ನಮ್ಮ ಸ್ಕ್ರಿಪ್ಟಿನ ಡನ್ ಅಂದ್ರೆ ಲಾರಿ ಗೇಟು ದಾಟಿದ್ದೂ ಅಲ್ಲ, ಲಾರಿ ಬರೋ ಮೊದಲೇ ಬರೆದಿಟ್ಟ ಚೀಟಿ. ಕಳಿಸಿದವನ ಮಾತು ಲೆಕ್ಕಕ್ಕಿಲ್ಲ, ತಲುಪಿಸಿಕೊಂಡವನ ಚೀಟಿ ಬರಬೇಕು. ನಮ್ಮ ಕೆಲಸದಲ್ಲಿ ಆ ಚೀಟಿಗೆ ಹೆಸರು ಚೆಕ್‌ಸಮ್. ಇಲ್ಲಿ ಪ್ರತಿ ಫೈಲಿಗೂ ಶಾ256 ತೆಗೆದು ಪಟ್ಟಿ ಜೊತೆಗಿಡೋದು, ಅಲ್ಲಿ ಅದೇ ಪಟ್ಟಿ ಇಟ್ಕೊಂಡು ಮತ್ತೆ ತೆಗೆದು ಹೋಲಿಸೋದು. ಒಂದು ಬಿಟ್ ಬದಲಾಗಿದ್ರೂ ಗೊತ್ತಾಗುತ್ತೆ.

ಇದೇ ತೋಟಗಳಲ್ಲಿ ಮಳೆ ಪುಸ್ತಕ ನೋಡಿದೀರಾ? ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟ್ಸ್ ಬರೀತಾರೆ. ಮಳೆ ಬರದ ದಿನವೂ ಸೊನ್ನೆ ಬರೀತಾರೆ, ಖಾಲಿ ಬಿಡಲ್ಲ. ಖಾಲಿ ಬಿಟ್ಟರೆ ಮಳೆ ಬರಲಿಲ್ವೋ, ನೋಡೋರು ಬರಲಿಲ್ವೋ ಗೊತ್ತಾಗಲ್ಲ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವೇ ದತ್ತಾಂಶ ಕಳಿಸುತ್ತವೆ. ಅಲ್ಲೂ ಪ್ರಶ್ನೆ ಇದೇ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನ ಗುಡ್ಡಗಳು ಕುಸಿದಾಗ ಮಳೆ ಜೋರಾದ ಊರುಗಳಲ್ಲೇ ಕರೆಂಟು, ಫೋನು ಮೊದಲು ಹೋಗಿದ್ದು ನಮ್ಮ ಮನೆಯವರಿಗೆಲ್ಲ ನೆನಪಿದೆ. ಅಂಥ ರಾತ್ರಿ ಒಂದು ಮಾಪಕ ಸುಮ್ಮನಾದ್ರೆ, ಅದನ್ನ ಸೊನ್ನೆ ಮಿಲಿಮೀಟರ್ ಅಂತ ಓದೋ ಪ್ರೋಗ್ರಾಂ ಬರೆಯೋಕೆ ಒಂದು ಸಾಲು ಸಾಕು. ಅಂಥ ಸಾಲು ಬರೆಯೋರು ಬೇರೆ ಎಲ್ಲಿಂದಲೋ ಬರಲ್ಲ. ನಮ್ಮಂಥ ಕಾಲೇಜುಗಳಿಂದಲೇ ಹೋಗ್ತಾರೆ.

ಅದಕ್ಕೇ ನಮ್ಮ ತಕರಾರು ಲ್ಯಾಬ್ ಪರೀಕ್ಷೆಯ ಬಗ್ಗೆ. ಚೀಟಿ ಎತ್ತು, ಪ್ರೋಗ್ರಾಂ ಬರಿ, ಓಡಿಸು, ಔಟ್‌ಪುಟ್ ತೋರಿಸು, ವೈವಾ. ಓಡೋ ಪ್ರೋಗ್ರಾಮ್‌ಗಳನ್ನೇ ನಾಲ್ಕು ವರ್ಷ ಬಾಯಿಪಾಠ ಮಾಡ್ತೇವೆ, ರೆಕಾರ್ಡ್ ಬುಕ್ ಅಂತೂ ಸೀನಿಯರ್ಸ್ ಕಾಲದಿಂದ ಕಾಪಿ ಆಗ್ತಾ ಬಂದಿದೆ. (ಕಾಪಿ ಮಾಡೋದ್ರಲ್ಲಿ ಇಷ್ಟು ಪಳಗಿದವರು ಐದು ಕಂಪ್ಯೂಟರ್‌ಗೆ ಫೈಲ್ ಕಾಪಿ ಮಾಡೋಕೆ ಒದ್ದಾಡಿದ್ದು ತಮಾಷೆಯೇ.) ಕೆಟ್ಟ ಪ್ರೋಗ್ರಾಂ ಒಂದನ್ನ ಎದುರಿಗಿಟ್ಟು "ಇದು ಯಾಕೆ ಸುಮ್ಮನಿದೆ, ಕಂಡುಹಿಡಿ" ಅಂತ ಯಾರೂ ಕೇಳಲ್ಲ. ಆ ಹುಡುಗಿ ಕೇಳಿದ ಪ್ರಶ್ನೆಗೆ ನಮ್ಮ ಪರೀಕ್ಷೆಯಲ್ಲಿ ಅಂಕ ಇಲ್ಲ. ಪ್ರತಿ ಲ್ಯಾಬಿನಲ್ಲಿ ಒಂದೇ ಒಂದು ಪ್ರಯೋಗ, ಬೇಕಂತಲೇ ಕೆಡಿಸಿದ ಸ್ಕ್ರಿಪ್ಟ್ ಕೊಟ್ಟು, ಕಂಡುಹಿಡಿದ ದಾರಿಯನ್ನ ಬರೆಸಿ. ಉತ್ತರಕ್ಕಿಂತ ದಾರಿಗೆ ಅಂಕ ಕೊಡಿ. ಮೇಷ್ಟ್ರುಗಳಲ್ಲಿ ಕೆಲವರು ಈ ಪತ್ರಿಕೆ ಓದ್ತಾರೆ ಅಂತ ಗೊತ್ತಿದ್ದೇ ಬರೀತಿದ್ದೇವೆ. ಮೂಡಿಗೆರೆಯ ತೋಟದಲ್ಲಿ ಕೂತು ಕಂಪ್ಯೂಟರ್‌ಗೆ ಕನ್ನಡ ಕಲಿಸೋ ವಿಷಯಕ್ಕೆ ತಲೆ ಕೆಡಿಸಿಕೊಂಡ ತೇಜಸ್ವಿಯವರನ್ನ ನಾವು ವರ್ಷಕ್ಕೊಮ್ಮೆ ಭಾಷಣದಲ್ಲಿ ನೆನೀತೇವೆ. ಬಿಚ್ಚಿ ನೋಡೋ ಅವರ ಸ್ವಭಾವಕ್ಕೆ ನಮ್ಮ ಟೈಮ್‌ಟೇಬಲ್ಲಿನಲ್ಲಿ ಒಂದು ಪೀರಿಯಡ್ಡೂ ಇಲ್ಲ.

ನಮ್ಮಲ್ಲೇ ಕೆಲವರ ವಾದ ಬೇರೆ. ಸ್ಕ್ರಿಪ್ಟ್ ಯಾಕೆ ಬರೀಬೇಕಿತ್ತು, ಆನ್ಸಿಬಲ್ ಇದೆ, ಸಿಂಕ್‌ಥಿಂಗ್ ಇದೆ ಅಂತಾರೆ. ನಿಜ. ಆನ್ಸಿಬಲ್ ಕೊನೆಗೆ ಪ್ರತಿ ಕಂಪ್ಯೂಟರ್‌ನ ಹೆಸರು ಹಿಡಿದು ಯಾವುದು ಸರಿ, ಯಾವುದು ಸಿಗಲಿಲ್ಲ ಅಂತ ಪಟ್ಟಿ ಕೊಡುತ್ತೆ. ಅದನ್ನ ಬಳಸಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು, ಒಪ್ಪಿದೆವು. ಆದರೆ ಆ ಪಟ್ಟಿಯನ್ನೂ ಡೆವ್ ನಲ್‌ಗೆ ತಿರುಗಿಸೋ ಕೈ ನಮ್ಮದೇ ತಾನೇ? ಆರ್‌ಸಿಂಕ್‌ನ ಮೇಲೆ ನಮಗೆ ಬೇರೆ ಪ್ರೀತಿಯೂ ಇದೆ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಾಸ್ ಇದನ್ನ ಬಿಡುಗಡೆ ಮಾಡಿದ್ದು ನಿಧಾನದ ಲೈನುಗಳನ್ನ ಮನಸ್ಸಲ್ಲಿಟ್ಟುಕೊಂಡು, ಬದಲಾದ ತುಣುಕನ್ನಷ್ಟೇ ಕಳಿಸೋ ಉಪಾಯದಿಂದ. ಅದು ಕಳಸದ ಲೈನಿಗೆ ಹೇಳಿ ಮಾಡಿಸಿದ ಹಾಗಿದೆ.

ಇನ್ನೊಂದು ಕಾರಣ ಕರೆಂಟು. ಎಸ್‌ಸಿಪಿ ಬಳಸಿ ಕಳಿಸುವಾಗ ನಡುವೆ ಕರೆಂಟ್ ಹೋದರೆ ಆ ಕಡೆ ಅರ್ಧ ಫೈಲು ಪೂರ್ತಿ ಹೆಸರಿನಲ್ಲಿ ಕೂತಿರುತ್ತೆ. ಹುಡುಗರು ತೆರೆದ್ರೆ ಪಿಡಿಎಫ್ ಓಪನ್ ಆಗಲ್ಲ, ತಪ್ಪು ಕಂಪ್ಯೂಟರ್‌ದು ಅಂದ್ಕೊಳ್ತಾರೆ. ಆರ್‌ಸಿಂಕ್ ಹಾಗಲ್ಲ, ಮೊದಲು ಚುಕ್ಕಿಯಿಂದ ಶುರುವಾಗೋ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಬಂದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತೆ. ಒಂದು ಎಚ್ಚರ: ಅರ್ಧಕ್ಕೆ ನಿಂತಲ್ಲಿಂದ ಮುಂದುವರಿಸೋಣ ಅಂತ ಪಾರ್ಷಿಯಲ್ ಆಪ್ಷನ್ ಹಾಕಿದ್ರೆ ಮತ್ತೆ ಅರ್ಧ ಫೈಲು ಪೂರ್ತಿ ಹೆಸರಿಗೆ ಬರುತ್ತೆ. ಪಾರ್ಷಿಯಲ್ ಡಿರ್ ಅಂತ ಬೇರೆ ಆಪ್ಷನ್ ಇದೆ, ಅದನ್ನ ಹಾಕಿ ಅರ್ಧಂಬರ್ಧದ್ದನ್ನೆಲ್ಲ ಬೇರೆ ಫೋಲ್ಡರಿಗೆ ತಳ್ಳಿ. ಆದರೂ ಆರ್‌ಸಿಂಕ್ ಮಾಮೂಲಿಯಾಗಿ ನೋಡೋದು ಫೈಲಿನ ಗಾತ್ರ, ಬದಲಾದ ಸಮಯ ಎರಡನ್ನೇ. ಎರಡೂ ಒಂದೇ ಇದ್ದರೆ ಒಳಗೆ ಏನಿದ್ರೂ ಬಿಟ್ಟು ಮುಂದೆ ಹೋಗುತ್ತೆ. ಅದಕ್ಕೂ ಚೆಕ್‌ಸಮ್ಮಿನ ಚೀಟಿ ಬೇಕು.

ಈಗ ಏನು ಮಾಡಿದ್ದೇವೆ ಅಂದರೆ, ಕಳಿಸೋ ಕೆಲಸವನ್ನೇ ಬಿಟ್ಟಿದ್ದೇವೆ. ಶಾಲೆಯವರು ಬೆಳಗ್ಗೆ ಮೇನ್ ಸ್ವಿಚ್ ಹಾಕಿ ಕಂಪ್ಯೂಟರ್ ಆನ್ ಮಾಡಿದ ಹತ್ತು ನಿಮಿಷಕ್ಕೆ ಅದೇ ನಮ್ಮ ಸರ್ವರ್‌ಗೆ ಬಂದು ತನಗೆ ಬೇಕಾದ್ದನ್ನ ಎಳಕೊಳ್ಳುತ್ತೆ. ಕರೆಂಟು ಯಾವಾಗ ಇದೆ ಅಂತ ಗೊತ್ತಿರೋದು ಕಳಸಕ್ಕೆ, ನಮಗಲ್ಲ. ಟನೆಲ್ಲಿನ ಕಾಟವೂ ಹೋಯ್ತು. ಮೊದಲು ನಾಲ್ಕೂ ಶಾಲೆಗಳ ಒಳಗೆ ನುಗ್ಗೋ ಕೀ ನಮ್ಮ ಸರ್ವರಿನಲ್ಲಿ ಬಿದ್ದಿತ್ತು. ಈಗ ಶಾಲೆಗಳ ಹತ್ತಿರ ಒಂದೊಂದು ಕೀ ಇದೆ, ಅದರಿಂದ ನಮ್ಮ ಒಂದು ಫೋಲ್ಡರ್ ಓದೋಕೆ ಆಗುತ್ತೆ, ಬೇರೇನೂ ಆಗಲ್ಲ. ಎಳಕೊಂಡ ಮೇಲೆ ಚೆಕ್‌ಸಮ್ ಹೋಲಿಸಿ, ಊರಿನ ಹೆಸರು, ಎಷ್ಟು ಫೈಲ್ ಬರಬೇಕಿತ್ತು, ಎಷ್ಟು ಸರಿಯಾಗಿ ಬಂತು ಅನ್ನೋ ಒಂದು ಸಾಲನ್ನ ವಾಪಸ್ ಕಳಿಸುತ್ತೆ. ಡನ್ ಅನ್ನೋ ಪದ ಸ್ಕ್ರಿಪ್ಟಿನಿಂದ ತೆಗೆದಿದ್ದೇವೆ. ಶಾಲೆ ನಡೆಯೋ ದಿನ ಹನ್ನೊಂದು ಗಂಟೆಯೊಳಗೆ ಒಂದು ಊರಿಂದ ಸಾಲು ಬರದಿದ್ರೆ ನಮ್ಮ ಗ್ರೂಪಿಗೆ ಆ ಊರಿನ ಹೆಸರು ಬೀಳುತ್ತೆ. ಯಾರಾದರೂ ಒಬ್ಬರು ಫೋನ್ ಮಾಡಬೇಕು, ಅದಕ್ಕೆ ಪಾಳಿ ಪಟ್ಟಿ ಸಂಘದ ಬೋರ್ಡಿನಲ್ಲಿದೆ.

ತಪ್ಪಿಹೋದ ಆರು ವಾರದ ಪೇಪರ್‌ಗಳನ್ನ ಪೆನ್‌ಡ್ರೈವಿನಲ್ಲಿ ಹಾಕ್ಕೊಂಡು ಮೂವರು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದಾರೆ. ಕಳಸದ ಮೇಷ್ಟ್ರು ಊಟ ಹಾಕಿ ಕಳಿಸಿದ್ರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದಿದ್ದನ್ನ ಸಂಘದ ಖರ್ಚಿಗೆ ಬರೆದಿದ್ದಾರೆ, ಖಜಾಂಚಿ ಇನ್ನೂ ಸಹಿ ಹಾಕಿಲ್ಲ. ಪರೀಕ್ಷೆಗೆ ಇಷ್ಟೇ ದಿನ ಇರುವಾಗ ಆ ಆರೂ ಪೇಪರ್ ಮಕ್ಕಳು ಬಿಡಿಸಿದ್ರಾ ಅಂತ ಕೇಳೋ ಧೈರ್ಯ ನಮಗೆ ಬರಲಿಲ್ಲ.

ಇದನ್ನ ಬರೀತಿರೋ ಹೊತ್ತಿಗೆ ಆಲ್ದೂರು ಕಡೆಯಿಂದ ಎರಡು ದಿನದಿಂದ ಸಾಲು ಬಂದಿಲ್ಲ. ಫೋನ್ ಮಾಡಿದ್ರೆ ಕಂಪ್ಯೂಟರ್ ಆನ್ ಆಗ್ತಿಲ್ಲ, ಇಲಿ ವೈರ್ ಕಡಿದಿರಬೇಕು ಅಂತಾರೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರು ಹೊರಟಿದ್ದೇವೆ. ಸ್ಕ್ರೂಡ್ರೈವರ್ ಹಿಡಿಯೋಕೆ ಬರೋರು ಇನ್ನೊಬ್ಬರು ಬೇಕು, ಬೋರ್ಡಿನಲ್ಲಿ ಹೆಸರು ಬರೆದು ಹೋಗಿ.